ಅಪ್ಪನ ಬಯಾಪ್ಸಿಯಲ್ಲಿ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಬಂದಿದೆ. ಇದು ಕ್ಯಾನ್ಸರಾ? ಗೊತ್ತಿದ್ದವರು ಹೇಳಿ

ಕೋಟೆಬೀದಿ ಹುಡುಗ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 56 ವರ್ಷ. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ. ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಚಹಾ, ಮಂಡಕ್ಕಿ, ಬೀಡಿ, ಇಷ್ಟರಲ್ಲೇ ಅರ್ಧ ದಿನ ಹೋಗುತ್ತದೆ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಾರೆ. ವರ್ಷಗಳಿಂದ ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತಂದು ನುಂಗಿ ಸುಮ್ಮನಾಗುತ್ತಿದ್ದರು. ಈ ಸಲ ಅಮ್ಮ ಬಿಡಲಿಲ್ಲ, ಎಂಡೋಸ್ಕೋಪಿ ಆಯಿತು, ಹೊಟ್ಟೆಯ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು.

ರಿಪೋರ್ಟ್‌ನಲ್ಲಿ ಹೀಗಿದೆ: ಕ್ರಾನಿಕ್ ಅಟ್ರೋಫಿಕ್ ಗ್ಯಾಸ್ಟ್ರೈಟಿಸ್, ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಇದೆ, ಡಿಸ್‌ಪ್ಲೇಸಿಯಾ ಇಲ್ಲ, ಎಚ್. ಪೈಲೋರಿ (ಹೊಟ್ಟೆಯಲ್ಲಿರುವ ಒಂದು ಬ್ಯಾಕ್ಟೀರಿಯಾ) ಪಾಸಿಟಿವ್. ಡಾಕ್ಟರು 14 ದಿನದ ಮಾತ್ರೆ ಬರೆದರು. ಆಮೇಲೆ ಒಂದು ಟೆಸ್ಟ್ ಮಾಡಿಸಿ, ಮೂರು ವರ್ಷ ಬಿಟ್ಟು ಮತ್ತೆ ಎಂಡೋಸ್ಕೋಪಿ ಅಂದರು. ಹೊರಗೆ ಐವತ್ತು ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ.

ಮನೆಗೆ ಬಂದರೆ ಚಿಕ್ಕಪ್ಪ ಮೊಬೈಲ್‌ನಲ್ಲಿ ನೋಡಿ ‘ಇದು ಕ್ಯಾನ್ಸರಿನ ಹಿಂದಿನ ಮೆಟ್ಟಿಲು, ನಾಳೆಯೇ ಹೈದರಾಬಾದಿಗೆ ನಡೀರಿ’ ಅಂತ ಕೂತಿದ್ದಾರೆ. ಅಮ್ಮ ಅಡಿಗೆಮನೆಯಲ್ಲಿ ಅಳುತ್ತಿದ್ದಾರೆ. ಮೂರು ವರ್ಷ ಸುಮ್ನೆ ಕೂರುವುದು ಸರಿನಾ? ಇದು ವಾಸಿ ಆಗುತ್ತದಾ? ಊಟ ಏನು ಕೊಡಬೇಕು?

ಮಿರ್ಚಿಮಂಡಕ್ಕಿ
ಮೊದಲು ಮಿರ್ಚಿ ಬಿಡಿಸಿ. ಈ ಹೆಸರಿಟ್ಟುಕೊಂಡು ಹೀಗೆ ಹೇಳಲು ನನಗೇ ನಾಚಿಕೆ.

ಸ್ಲೈಡ್ ಅಕ್ಕ, ಬಳ್ಳಾರಿ
ತಮ್ಮಾ, ಮೊದಲು ಅಮ್ಮನಿಗೆ ಹೇಳಿ: ಇದು ಕ್ಯಾನ್ಸರ್ ಅಲ್ಲ. ನಾನು ಡಾಕ್ಟರ್ ಅಲ್ಲ, ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಸ್ಲೈಡುಗಳು ದಿನಾ ಕೈಯಲ್ಲಿ ಹಾದುಹೋಗುತ್ತವೆ.

ಹೊಟ್ಟೆಯ ಒಳಪದರಕ್ಕೆ ಬಹಳ ವರ್ಷ ಉರಿಯೂತ ಇದ್ದರೆ ಆಮ್ಲ ಮಾಡುವ ಗ್ರಂಥಿಗಳು ಸವೆದು ಹೋಗುತ್ತವೆ. ಅದೇ ಅಟ್ರೋಫಿ. ಖಾಲಿಯಾದ ಜಾಗದಲ್ಲಿ ಕರುಳಿನ ಜೀವಕೋಶಗಳ ಹಾಗಿರುವ ಕೋಶಗಳು ಬೆಳೆಯುತ್ತವೆ. ಅದು ಮೆಟಾಪ್ಲೇಸಿಯಾ. ಬೀಳುಬಿಟ್ಟ ಹೊಲದಲ್ಲಿ ಬಳ್ಳಾರಿ ಜಾಲಿ ಎದ್ದ ಹಾಗೆ ಅಂದುಕೊಳ್ಳಿ. ಜಾಲಿ ಬಂದಿತು ಎಂದರೆ ಊರೇ ಮುಳುಗಿತು ಎಂದಲ್ಲ. ಆದರೆ ಹೊಲವನ್ನು ಯಾರೂ ನೋಡಿಕೊಂಡಿಲ್ಲ ಅಂತ ಗೊತ್ತಾಗುತ್ತದೆ.

ಕೊಲಂಬಿಯಾದ ಪೆಥಾಲಜಿಸ್ಟ್ ಪೆಲಾಯೊ ಕೊರಿಯಾ 1975ರಲ್ಲೇ ಈ ಸಾಲನ್ನು ಬರೆದಿಟ್ಟರು. ಉರಿಯೂತ, ಅಟ್ರೋಫಿ, ಮೆಟಾಪ್ಲೇಸಿಯಾ, ಡಿಸ್‌ಪ್ಲೇಸಿಯಾ ಅಂದರೆ ಕೋಶಗಳ ರೂಪವೇ ಕೆಡುವುದು, ಆಮೇಲೆ ಕ್ಯಾನ್ಸರ್. ನಿಮ್ಮ ಚಿಕ್ಕಪ್ಪ ಓದಿದ್ದು ಇದನ್ನೇ. ಅವರು ಓದದೆ ಬಿಟ್ಟಿದ್ದು ಏನೆಂದರೆ, ಈ ದಾರಿಗೆ ಹತ್ತಾರು ವರ್ಷ ಹಿಡಿಯುತ್ತದೆ ಮತ್ತು ಹೆಚ್ಚಿನವರು ಕೊನೆ ಮುಟ್ಟುವುದೇ ಇಲ್ಲ. ನಿಮ್ಮ ರಿಪೋರ್ಟ್‌ನಲ್ಲಿ ಬಹಳ ಒಳ್ಳೆಯ ಮಾತು ‘ಡಿಸ್‌ಪ್ಲೇಸಿಯಾ ಇಲ್ಲ’ ಅನ್ನುವುದು.

ಕೃಷ್ಣೆ ಕಡೆಯವ, ರಾಯಚೂರು
ಅಕ್ಕ, ‘ಹೆಚ್ಚಿನವರು’ ಅಂದರೆ ಎಷ್ಟು? ಸಮಾಧಾನಕ್ಕೆ ಎಲ್ಲರೂ ಹಾಗೇ ಹೇಳುತ್ತಾರೆ.

ಸ್ಲೈಡ್ ಅಕ್ಕ, ಬಳ್ಳಾರಿ
ಕೇಳಿದ್ದು ಒಳ್ಳೆಯದಾಯಿತು. ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶದ ಬಯಾಪ್ಸಿ ದಾಖಲೆ ಹಿಡಿದು 90 ಸಾವಿರಕ್ಕೂ ಜಾಸ್ತಿ ಜನರ ಲೆಕ್ಕ ಹಾಕಿದ್ದರು, 2008ರಲ್ಲಿ ಬಂತು. ಬಯಾಪ್ಸಿ ಆದ ಮೊದಲ ಐದು ವರ್ಷದಲ್ಲಿ ವರ್ಷಕ್ಕೆ ಕ್ಯಾನ್ಸರ್ ಆದವರು: ಬರೀ ಅಟ್ರೋಫಿ ಇದ್ದವರಲ್ಲಿ ಶೇ 0.1, ಮೆಟಾಪ್ಲೇಸಿಯಾ ಇದ್ದವರಲ್ಲಿ ಶೇ 0.25, ಕಡಿಮೆ ಅಥವಾ ಮಧ್ಯಮ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ಶೇ 0.6, ತೀವ್ರ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ಶೇ 6. ಅಂದರೆ ಇವರ ಅಪ್ಪನಂಥ 400 ಜನರಲ್ಲಿ ವರ್ಷಕ್ಕೆ ಒಬ್ಬರು.

ಕೃಷ್ಣೆ ಕಡೆಯವ, ರಾಯಚೂರು
ಅದು ಡಚ್ಚರ ಹೊಟ್ಟೆ. ನಮ್ಮದು ಮಾವಿನಕಾಯಿ ಉಪ್ಪಿನಕಾಯಿ, ಗುಟ್ಕಾ, 45 ಡಿಗ್ರಿ ಬಿಸಿಲು.

ಕೊಪ್ಪಳದ ಮೇಷ್ಟ್ರು
ಬಿಸಿಲಿಗೂ ಹೊಟ್ಟೆ ಕ್ಯಾನ್ಸರಿಗೂ ಏನು ಸಂಬಂಧ ಸ್ವಾಮಿ? ಹಾಗಿದ್ದರೆ ರಾಯಚೂರಿನಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ನಮ್ಮ ದೇಶದ ವಿಷಯ ಬೇರೆಯೇ ವಿಚಿತ್ರ. ಈ ಉರಿಯೂತ ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೊಟ್ಟೆಯಲ್ಲಿದೆ. ಆದರೂ ಜಪಾನ್, ಕೊರಿಯಾಗಳಷ್ಟು ಹೊಟ್ಟೆ ಕ್ಯಾನ್ಸರ್ ಇಲ್ಲಿಲ್ಲ. ದೇಶದೊಳಗೆ ಎಲ್ಲಕ್ಕಿಂತ ಜಾಸ್ತಿ ಇರುವುದು ಮಿಜೋರಾಂನಲ್ಲಿ. ಅಲ್ಲಿ ಹೊಗೆ ಹಾಕಿ ಒಣಗಿಸಿದ ಮಾಂಸ ತಿನ್ನುತ್ತಾರೆ, ತಂಬಾಕಿನ ಹೊಗೆಯನ್ನು ನೀರಿಗೆ ಬಿಟ್ಟು ಆ ನೀರನ್ನು ಬಾಯಲ್ಲಿಟ್ಟುಕೊಳ್ಳುವ ರೂಢಿಯೂ ಇದೆ.

ಆದ್ದರಿಂದ ಡಚ್ಚರ ಅಂಕಿಯನ್ನು ಹಾಗೇ ತಂದು ಇಲ್ಲಿ ಹಚ್ಚಬಾರದು ಅನ್ನುವುದು ಸರಿ. ಆದರೆ ನಮಗೆ ಅದಕ್ಕಿಂತ ಕೆಟ್ಟದ್ದೇ ಆಗಬೇಕು ಅಂತ ಏನಿಲ್ಲ.

ಔಷಧಿ ಅಂಗಡಿ ಅಣ್ಣ, ಗಂಗಾವತಿ
ಹುಡುಗ, ನೀನು ಈಗ ತಲೆ ಕೆಡಿಸಿಕೊಳ್ಳಬೇಕಾದ್ದು ಮೂರು ವರ್ಷದ ಬಗ್ಗೆ ಅಲ್ಲ, ಈ 14 ದಿನದ ಬಗ್ಗೆ. ಚೀಟಿ ಹಿಡಿದು ಬರುವವರನ್ನು ದಿನಾ ನೋಡುತ್ತೇನೆ. ಮೊದಲ ವಾರದ ಮಾತ್ರೆ ಒಯ್ಯುತ್ತಾರೆ, ಬಾಯಿ ಕಹಿ, ಹೊಟ್ಟೆ ತೊಳಸುತ್ತದೆ ಅಂತ ಅಲ್ಲಿಗೇ ಬಿಡುತ್ತಾರೆ. ಅರ್ಧ ಸತ್ತ ಬ್ಯಾಕ್ಟೀರಿಯಾ ಮತ್ತೆ ಚಿಗುರುತ್ತದೆ, ಮುಂದಿನ ಸಲ ಅದೇ ಔಷಧಿಗೆ ಬಗ್ಗುವುದಿಲ್ಲ. ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್ ಎರಡಕ್ಕೂ ಈಗ ನಮ್ಮಲ್ಲಿ ಜಗ್ಗದ ತಳಿಗಳು ಬಹಳ.

ಯಾವ ಮಾತ್ರೆ ಬರೆದಿದ್ದಾರೆ ಹೇಳು.

ಕೋಟೆಬೀದಿ ಹುಡುಗ, ಬಳ್ಳಾರಿ
ಪ್ಯಾಂಟೊಪ್ರಜೋಲ್, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಒಂದು ಚೀಲ ತುಂಬ ಇದೆ ಅಣ್ಣ. ಅಪ್ಪ ‘ಇದನ್ನು ತಿಂದರೆ ಊಟವೇ ಬೇಡ’ ಅನ್ನುತ್ತಿದ್ದಾರೆ.

ಔಷಧಿ ಅಂಗಡಿ ಅಣ್ಣ, ಗಂಗಾವತಿ
ಒಳ್ಳೆಯ ಜೋಡಿಯನ್ನೇ ಬರೆದಿದ್ದಾರೆ. ನಾಲ್ಕು ಔಷಧಿ ಒಟ್ಟಿಗೆ, ಅದಕ್ಕೇ ಚೀಲ ತುಂಬುತ್ತದೆ. ನೆನಪಿಡು: ಟೆಟ್ರಾಸೈಕ್ಲಿನ್ ಅನ್ನು ಹಾಲಿನ ಜೊತೆ ಕೊಡಬೇಡ, ಮೈಗೆ ಹತ್ತುವುದಿಲ್ಲ. ಮೆಟ್ರೊನಿಡಜೋಲ್ ನಡೆಯುವಾಗ ಒಂದು ಹನಿ ಮದ್ಯವೂ ಬೇಡ. ಬಿಸ್ಮತ್‌ನಿಂದ ನಾಲಿಗೆ ಕಪ್ಪಾಗುತ್ತದೆ, ಮಲವೂ ಕಪ್ಪು ಬರುತ್ತದೆ. ಹೆದರಿ ನಿಲ್ಲಿಸಬೇಡಿ.

ಸಿಂಧನೂರಿನ ಸೊಸೆ
ಅಣ್ಣ, ಕಪ್ಪು ಮಲ ಅಂದರೆ ಒಳಗೆ ರಕ್ತ ಹೋಗುತ್ತಿದೆ ಅಂತಲೂ ಹೇಳುತ್ತಾರಲ್ಲ?

ಔಷಧಿ ಅಂಗಡಿ ಅಣ್ಣ, ಗಂಗಾವತಿ
ಹೌದು ತಾಯಿ, ಅದು ಬೇರೆ. ರಕ್ತದ್ದಾದರೆ ಡಾಂಬರಿನ ಹಾಗೆ ಅಂಟಂಟು, ಕೆಟ್ಟ ವಾಸನೆ, ಜೊತೆಗೆ ತಲೆ ಸುತ್ತು, ಸುಸ್ತು. ಬಿಸ್ಮತ್ ಮತ್ತು ಕಬ್ಬಿಣದ ಮಾತ್ರೆಯದ್ದು ಬರೀ ಬಣ್ಣ. ಯಾವುದು ಅಂತ ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡಿ, ನಮ್ಮನ್ನು ಕೇಳುತ್ತಾ ಕೂರಬೇಡಿ.

ಬೇರುನಾರು
ಇಷ್ಟೆಲ್ಲ ಇಂಗ್ಲಿಷ್ ಮಾತ್ರೆ ತಿಂದೇ ಹೊಟ್ಟೆ ಸವೆದಿರುವುದು. ನಮ್ಮ ಪರಿಚಯದವರೊಬ್ಬರು 48 ದಿನ ಒಂದು ಕಷಾಯ ಕೊಡುತ್ತಾರೆ. ಮೆಟಾಪ್ಲೇಸಿಯಾ ಪೂರ್ತಿ ಮಾಯ, ಗ್ಯಾರಂಟಿ. ನಂಬರ್ ಬೇಕಾದವರು

[ನಿರ್ವಾಹಕರು: ಉಳಿದ ಭಾಗ ತೆಗೆಯಲಾಗಿದೆ. ಇಲ್ಲಿ ಮಾರಾಟ ಬೇಡ.]

ಸ್ಲೈಡ್ ಅಕ್ಕ, ಬಳ್ಳಾರಿ
ಗ್ಯಾರಂಟಿ ಅನ್ನುವವರು ಕಷಾಯದ ಮೊದಲು ಮತ್ತು ನಂತರದ ಬಯಾಪ್ಸಿ ತೋರಿಸಲಿ. ಜೀರಿಗೆ ಕಷಾಯ ಕುಡಿದರೆ ಹೊಟ್ಟೆ ಹಗುರ ಅನಿಸಬಹುದು, ಕುಡಿಯಲಿ ಬಿಡಿ. ಬ್ಯಾಕ್ಟೀರಿಯಾ ಅದಕ್ಕೆ ಸಾಯುವುದಿಲ್ಲ.

ಬೇರುನಾರು
ನಿಮ್ಮ ಬ್ಯಾಕ್ಟೀರಿಯಾ ಕಥೆಯೇ ಕಂಪನಿಗಳು ಕಟ್ಟಿದ್ದು. ನಮ್ಮ ಅಜ್ಜಂದಿರಿಗೆ ಪಿತ್ತ ಆಗುತ್ತಿತ್ತು, ಹೋಗುತ್ತಿತ್ತು.

ಕೊಪ್ಪಳದ ಮೇಷ್ಟ್ರು
ಕಂಪನಿಗಳು ಕಟ್ಟಿದ್ದಲ್ಲ, ಅದನ್ನು ಮೊದಮೊದಲು ಡಾಕ್ಟರುಗಳೇ ನಂಬಲಿಲ್ಲ. ಹೊಟ್ಟೆಯ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಅಂತಲೇ ಪಾಠ ಇತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಬಯಾಪ್ಸಿಗಳಲ್ಲಿ ಇದನ್ನು ನೋಡಿದರು. ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಯಾರೂ ಕೇಳದಿದ್ದಾಗ ಮಾರ್ಷಲ್ 1984ರಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಎಂಡೋಸ್ಕೋಪಿಯಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವ ಗುಂಪು ಅದೇ.

ಅಜ್ಜಂದಿರ ಪಿತ್ತ ಹೋಗುತ್ತಿತ್ತು ಅಂದಿರಿ. ಎಷ್ಟೋ ಸಲ ಅಜ್ಜಂದಿರೇ ಹೋಗುತ್ತಿದ್ದರು.

ಮಿರ್ಚಿಮಂಡಕ್ಕಿ
ಮೇಷ್ಟ್ರೇ 😂😂

ಸಿಂಧನೂರಿನ ಸೊಸೆ
ನನಗೂ ಇದೇ ರಿಪೋರ್ಟ್ ಬಂದಿತ್ತು, ಆದರೆ ಎಚ್. ಪೈಲೋರಿ ನೆಗೆಟಿವ್. ಅದಕ್ಕೇ ಬರೆಯುತ್ತಿದ್ದೇನೆ, ಓದುವವರಲ್ಲಿ ಯಾರಿಗಾದರೂ ಉಪಯೋಗ ಆಗಬಹುದು.

ಮೊದಲು ಶುರುವಾಗಿದ್ದು ಸುಸ್ತು. ಕಾಲು ಜೋಮು, ನಾಲಿಗೆ ಉರಿ, ಮರೆವು. ಮನೆಯಲ್ಲಿ ‘ಕೆಲಸಕ್ಕೆ ಸೋಮಾರಿತನ’ ಅಂದರು. ಒಬ್ಬ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಇನ್ನೊಬ್ಬರು ಟೆನ್ಷನ್ ಅಂದರು. ಥೈರಾಯ್ಡ್ ಮೊದಲೇ ಇತ್ತು. ಕೊನೆಗೆ ಯಾರೋ ಬಿ12 ನೋಡಿದರು, ಪಾತಾಳದಲ್ಲಿತ್ತು. ಆಮೇಲೆ ಎಂಡೋಸ್ಕೋಪಿ. ಹೊಟ್ಟೆಯ ಮೇಲಿನ ಭಾಗ ಪೂರ್ತಿ ಸವೆದಿದೆ, ಕೆಳಗಿನ ಭಾಗ ಚೆನ್ನಾಗಿದೆ. ರಕ್ತದಲ್ಲಿ ಪೆರೈಟಲ್ ಸೆಲ್ ಆಂಟಿಬಾಡಿ, ಅಂದರೆ ಆಮ್ಲ ಮಾಡುವ ಕೋಶಗಳ ಮೇಲೇ ಬೀಳುವ ಆಂಟಿಬಾಡಿ ಇತ್ತು. ನನ್ನ ದೇಹವೇ ನನ್ನ ಹೊಟ್ಟೆಯನ್ನು ತಿನ್ನುತ್ತಿದೆ ಅಂತ ಡಾಕ್ಟರು ಹೇಳಿದರು, ಆಟೊಇಮ್ಯೂನ್ ಗ್ಯಾಸ್ಟ್ರೈಟಿಸ್.

ಇದಕ್ಕೆ ಆಂಟಿಬಯೋಟಿಕ್ ಕೆಲಸ ಇಲ್ಲ. ಬಿ12 ಇಂಜೆಕ್ಷನ್ ಜೀವನಪೂರ್ತಿ. ಮೂರರಿಂದ ಐದು ವರ್ಷಕ್ಕೊಮ್ಮೆ ಎಂಡೋಸ್ಕೋಪಿ, ಸಣ್ಣ ಗಂಟುಗಳು ಬೆಳೆದಿವೆಯಾ ನೋಡಲು. ತಮಾಷೆ ಅಂದರೆ, ಹೊಟ್ಟೆಯಲ್ಲಿ ಆಮ್ಲವೇ ಇಲ್ಲದ ನನಗೆ ವರ್ಷಗಟ್ಟಲೆ ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಟ್ಟಿದ್ದರು.

ಕೃಷ್ಣೆ ಕಡೆಯವ, ರಾಯಚೂರು
ಅಕ್ಕಾರೆ, ನಮ್ಮ ತಾಯಿಗೂ ಥೈರಾಯ್ಡ್ ಇದೆ, ಕೈಕಾಲು ಜೋಮು ಅನ್ನುತ್ತಾರೆ. ಬಿ12 ಟೆಸ್ಟ್ ಇಲ್ಲೇ ಆಗುತ್ತದಾ?

ಸಿಂಧನೂರಿನ ಸೊಸೆ
ಬಿ12 ಎಲ್ಲಾ ಲ್ಯಾಬಿನಲ್ಲೂ ಆಗುತ್ತದೆ. ಆಂಟಿಬಾಡಿಗೆ ರಕ್ತ ಇಲ್ಲಿ ಕೊಟ್ಟರೂ ಹೊರಗಿನ ಊರಿಗೆ ಕಳಿಸುತ್ತಾರೆ, ರಿಪೋರ್ಟ್ ಕೆಲವು ದಿನ ತಡ.

ತುಂಗಭದ್ರೆ ತಟ
ಸೊಪ್ಪು ತಿಂದರೆ ಬಿ12 ಬರುತ್ತದೆ, ಇಂಜೆಕ್ಷನ್ ಯಾಕೆ?

ಸ್ಲೈಡ್ ಅಕ್ಕ, ಬಳ್ಳಾರಿ
ಸೊಪ್ಪಿನಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ಅದನ್ನು ತಿಂದರೂ ಕರುಳು ಹೀರಿಕೊಳ್ಳಲು ಹೊಟ್ಟೆ ಒಂದು ಪ್ರೋಟೀನ್ ಕೊಡಬೇಕು. ಅವರ ಹೊಟ್ಟೆಯಲ್ಲಿ ಅದನ್ನು ಮಾಡುವ ಕೋಶಗಳೇ ಉಳಿದಿಲ್ಲ.

ಮಿರ್ಚಿಮಂಡಕ್ಕಿ
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಖಾರ ತಿನ್ನಬಹುದಾ ಇಲ್ವಾ? ಒಂದೇ ಮಾತಿನಲ್ಲಿ ಹೇಳಿ.

ಸ್ಲೈಡ್ ಅಕ್ಕ, ಬಳ್ಳಾರಿ
ಉಪ್ಪು.

ಮಿರ್ಚಿಮಂಡಕ್ಕಿ
ಅಕ್ಕ, ನಾನು ಕೇಳಿದ್ದು ಖಾರ.

ಸ್ಲೈಡ್ ಅಕ್ಕ, ಬಳ್ಳಾರಿ
ಅದಕ್ಕೇ ಉಪ್ಪು ಅಂದೆ. ನಮ್ಮ ಕಡೆ ಎಲ್ಲಾ ತಪ್ಪನ್ನೂ ಮೆಣಸಿನಕಾಯಿ ಮೇಲೆ ಹಾಕುತ್ತೇವೆ. ಖಾರದಿಂದ ಎದೆ ಉರಿ, ಹೊಟ್ಟೆ ಉರಿ ಜಾಸ್ತಿ ಆದರೆ ಅವರು ಕಡಿಮೆ ಮಾಡಲಿ, ಅದು ಅವರವರ ಹೊಟ್ಟೆಗೆ ಬಿಟ್ಟಿದ್ದು. ಕ್ಯಾನ್ಸರ್ ವಿಷಯದಲ್ಲಿ ಖಾರದ ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ಉಪ್ಪಿನ ವಿಷಯದಲ್ಲಿ ಅಷ್ಟು ಗೊಂದಲ ಇಲ್ಲ. ಜಾಸ್ತಿ ಉಪ್ಪು ಒಳಪದರಕ್ಕೆ ಪೆಟ್ಟು ಕೊಡುತ್ತದೆ, ಬ್ಯಾಕ್ಟೀರಿಯಾಗೆ ಅನುಕೂಲ ಮಾಡಿಕೊಡುತ್ತದೆ. ಉಪ್ಪಿನಕಾಯಿ, ಉಪ್ಪು ಹಚ್ಚಿ ಹುರಿದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಇವು ದಿನಾ ತಟ್ಟೆಯಲ್ಲಿ ಇರಬಾರದು. ಫ್ರಿಜ್ ಬಂದ ಮೇಲೆ ಎಷ್ಟೋ ದೇಶಗಳಲ್ಲಿ ಹೊಟ್ಟೆ ಕ್ಯಾನ್ಸರ್ ಇಳಿದಿದ್ದಕ್ಕೆ ಒಂದು ಕಾರಣ ಇದೇ ಅನ್ನುತ್ತಾರೆ. ಉಪ್ಪು ಹಾಕಿ ಕೆಡದಂತೆ ಇಡುವ ಅಗತ್ಯ ಕಡಿಮೆಯಾಯಿತು, ತಾಜಾ ತರಕಾರಿ ಹಣ್ಣು ಜಾಸ್ತಿಯಾಯಿತು.

ಮತ್ತೆ ಬೀಡಿ. ಇಷ್ಟು ಹೊತ್ತಾದರೂ ಯಾರೂ ಬೀಡಿ ಬಗ್ಗೆ ಮಾತೆತ್ತಲಿಲ್ಲ! ಮಿರ್ಚಿ ಹಿಂದೆ ಬಿದ್ದಿದ್ದೀರಿ.

ಗವಿಮಠದ ಭಕ್ತ, ಕೊಪ್ಪಳ
ಸದ್ಯ. ನಮ್ಮ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಮಿರ್ಚಿಯೇ ಕಾರಣ ಅಂದಿದ್ದರೆ ಜನವರಿಯಲ್ಲಿ ಕೊಪ್ಪಳಕ್ಕೆ ಆಂಬುಲೆನ್ಸ್ ಸಾಲದು.

ತುಂಗಭದ್ರೆ ತಟ
ಆ ಮಿರ್ಚಿ ರುಚಿಯೇ ಬೇರೆ. ರಾಶಿ ಹಾಕಿದ ರೊಟ್ಟಿ ನೋಡಿದರೇ ಹೊಟ್ಟೆ ತುಂಬುತ್ತದೆ.

ಮಿರ್ಚಿಮಂಡಕ್ಕಿ
ಬಳ್ಳಾರಿ ಒಗ್ಗರಣೆ ಮಂಡಕ್ಕಿ ಮುಂದೆ ಅದೆಲ್ಲ ಏನೂ ಅಲ್ಲ. ಬೇಕಾದರೆ ಬನ್ನಿ, ನಾನೇ ಕೊಡಿಸುತ್ತೇನೆ.

ಕೊಪ್ಪಳದ ಮೇಷ್ಟ್ರು
ಇಲ್ಲೊಬ್ಬ ಹುಡುಗ ಅಪ್ಪನ ಚಿಂತೆಯಲ್ಲಿದ್ದಾನೆ, ನೀವು ಮಂಡಕ್ಕಿ ಪಂದ್ಯ ಕಟ್ಟಿದ್ದೀರಿ.

ತಮ್ಮಾ, ಒಂದು ಪ್ರಶ್ನೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಆಗಿತ್ತಾ? ಡಾಕ್ಟರು ಕೇಳಿದರಾ?

ಕೋಟೆಬೀದಿ ಹುಡುಗ, ಬಳ್ಳಾರಿ
ಕೇಳಿದರು ಸರ್, ಅಪ್ಪ ‘ಇಲ್ಲ’ ಅಂದರು. ಈಗ ಅಮ್ಮನ್ನ ಕೇಳಿದೆ. ಅಜ್ಜ, ಅಂದರೆ ಅಪ್ಪನ ಅಪ್ಪ, ‘ಹೊಟ್ಟೆಯಲ್ಲಿ ಗಡ್ಡೆ’ ಆಗಿ ತೀರಿಕೊಂಡರಂತೆ. ತಿಂದಿದ್ದೆಲ್ಲ ವಾಂತಿ, ಮೈ ಕರಗಿ ಹೋಗಿತ್ತಂತೆ. ಅದಕ್ಕೆ ಯಾರೂ ಕ್ಯಾನ್ಸರ್ ಅನ್ನಲಿಲ್ಲ, ಕಾಗದಪತ್ರವೂ ಏನಿಲ್ಲ.

ಸ್ಲೈಡ್ ಅಕ್ಕ, ಬಳ್ಳಾರಿ
ಇದನ್ನು ಡಾಕ್ಟರಿಗೆ ಖಂಡಿತ ಹೇಳಬೇಕು. ಕಾಗದ ಇಲ್ಲದಿದ್ದರೂ ಹೇಳಿ. ನಮ್ಮ ಹಳ್ಳಿಗಳಲ್ಲಿ ಮನೆಯವರ ಕಾಯಿಲೆ ಕೇಳಿದರೆ ಎಲ್ಲರೂ ‘ಇಲ್ಲ’ ಅನ್ನುತ್ತಾರೆ. ಹೇಳಿದರೆ ಮಕ್ಕಳ ಮದುವೆಗೆ ತೊಂದರೆ ಅಂತ ಹೆದರಿಕೆ.

ಯುರೋಪಿನ 2019ರ ಮಾರ್ಗಸೂಚಿ ಪ್ರಕಾರ ಮೆಟಾಪ್ಲೇಸಿಯಾ ಹೊಟ್ಟೆಯ ಒಂದೇ ಭಾಗದಲ್ಲಿದ್ದು ಬೇರೆ ಅಪಾಯ ಇಲ್ಲದಿದ್ದರೆ ಮತ್ತೆ ಮತ್ತೆ ಎಂಡೋಸ್ಕೋಪಿ ಬೇಕಾಗಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಹರಡಿದ್ದರೆ ಮೂರು ವರ್ಷಕ್ಕೊಮ್ಮೆ. ಒಂದೇ ಭಾಗದಲ್ಲಿದ್ದರೂ ಅಪ್ಪ ಅಮ್ಮ ಅಣ್ಣ ತಮ್ಮಂದಿರಲ್ಲಿ ಹೊಟ್ಟೆ ಕ್ಯಾನ್ಸರ್ ಇದ್ದರೆ, ಅಥವಾ ಮೆಟಾಪ್ಲೇಸಿಯಾ ಇನ್‌ಕಂಪ್ಲೀಟ್ (ದೊಡ್ಡ ಕರುಳಿನ ಕೋಶಗಳನ್ನು ಹೋಲುವ) ಜಾತಿಯದ್ದಾದರೆ, ಆಗಲೂ ಮೂರು ವರ್ಷದ ಲೆಕ್ಕ. ಹಾಗಾಗಿ ನಿಮ್ಮ ಡಾಕ್ಟರು ಸುಮ್ನೆ ಬಾಯಿಗೆ ಬಂದ ವರ್ಷ ಹೇಳಿಲ್ಲ. ಆ ಮೂರು ವರ್ಷ ‘ಸುಮ್ನೆ ಕೂರುವುದೂ’ ಅಲ್ಲ.

ಕೃಷ್ಣೆ ಕಡೆಯವ, ರಾಯಚೂರು
ನಮ್ಮ ಮಾವನಿಗೆ ಒಂದು ಆಸ್ಪತ್ರೆಯಲ್ಲಿ ಪ್ರತಿ ಆರು ತಿಂಗಳಿಗೆ ಎಂಡೋಸ್ಕೋಪಿ ಮಾಡುತ್ತಿದ್ದಾರೆ. ಇನ್ನೊಬ್ಬರು ಬೇಕೇ ಇಲ್ಲ ಅನ್ನುತ್ತಾರೆ. ಯಾರನ್ನು ನಂಬಬೇಕು?

ಸ್ಲೈಡ್ ಅಕ್ಕ, ಬಳ್ಳಾರಿ
ಮಾವನಿಗೆ ಡಿಸ್‌ಪ್ಲೇಸಿಯಾ ಇದೆಯಾ? ಇದ್ದರೆ ಆರು ತಿಂಗಳು ಸರಿ ಇರಬಹುದು. ಬರೀ ಮೆಟಾಪ್ಲೇಸಿಯಾಗೆ ಆರು ತಿಂಗಳು ಅಂದರೆ ಯಾಕೆ ಅಂತ ಕೇಳಿ.

ಡಾಕ್ಟರುಗಳ ಮಾತು ಬೇರೆ ಬೇರೆ ಆಗುವುದಕ್ಕೆ ಕಾರಣವೂ ಇದೆ. ಅಮೆರಿಕದ ಗ್ಯಾಸ್ಟ್ರೋ ಸಂಘ 2020ರಲ್ಲಿ, ಮೆಟಾಪ್ಲೇಸಿಯಾ ಇರುವ ಎಲ್ಲರಿಗೂ ರೂಢಿಯಂತೆ ಎಂಡೋಸ್ಕೋಪಿ ಬೇಡ, ಅಪಾಯ ಜಾಸ್ತಿ ಇದ್ದವರು ಡಾಕ್ಟರ ಜೊತೆ ಕೂತು ತೀರ್ಮಾನಿಸಲಿ ಅಂದಿತು. ಯುರೋಪಿನವರು ವರ್ಷ ಗೊತ್ತು ಮಾಡಿದರು. ಬ್ಯಾಕ್ಟೀರಿಯಾ ಇದ್ದರೆ ತೆಗೆಯಬೇಕು ಅನ್ನುವುದರಲ್ಲಿ ಇಬ್ಬರಿಗೂ ಜಗಳ ಇಲ್ಲ.

ತುಂಗಭದ್ರೆ ತಟ
ಬ್ಯಾಕ್ಟೀರಿಯಾ ಹೋದರೆ ಮೆಟಾಪ್ಲೇಸಿಯಾ ಹೋಗುತ್ತದಾ?

ಸ್ಲೈಡ್ ಅಕ್ಕ, ಬಳ್ಳಾರಿ
ಉರಿಯೂತ ಇಳಿಯುತ್ತದೆ. ಅಟ್ರೋಫಿ ಎಷ್ಟೋ ಜನರಲ್ಲಿ ಸುಧಾರಿಸುತ್ತದೆ. ಮೆಟಾಪ್ಲೇಸಿಯಾ ಮಾತ್ರ ಹಠಮಾರಿ, ಹಿಂದೆ ಹೋಗುವುದು ಕಷ್ಟ. ಆದರೆ ಅದು ಹೋಗಲಿಲ್ಲ ಅಂತ ಚಿಕಿತ್ಸೆ ವ್ಯರ್ಥ ಅಲ್ಲ. ಚೀನಾದ ಶಾನ್‌ಡಾಂಗ್‌ನಲ್ಲಿ ಬ್ಯಾಕ್ಟೀರಿಯಾಗೆ ಔಷಧಿ ಪಡೆದವರನ್ನು ಸುಮಾರು 15 ವರ್ಷ ಗಮನಿಸಿದರು. ಅವರಲ್ಲಿ ಹೊಟ್ಟೆ ಕ್ಯಾನ್ಸರ್ ಶೇ 39ರಷ್ಟು ಕಡಿಮೆ ಇತ್ತು.

ಇನ್ನೊಂದು ಕೊರಿಯಾದ್ದು, 2020ರದ್ದು. ಇದನ್ನು ಚಿಕ್ಕಪ್ಪನಿಗೆ ಓದಿ ಹೇಳಿ ತಮ್ಮಾ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಹೊಟ್ಟೆ ಕ್ಯಾನ್ಸರ್ ಆಗಿದ್ದು, ತಮ್ಮ ಹೊಟ್ಟೆಯಲ್ಲಿ ಎಚ್. ಪೈಲೋರಿ ಇದ್ದ ಸುಮಾರು 1,800 ಜನ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ, ಹೆಸರಿಗಷ್ಟೇ ಮಾತ್ರೆ. ಒಂಬತ್ತು ವರ್ಷ ಕಳೆದ ಮೇಲೆ ನೋಡಿದರೆ ಔಷಧಿ ಪಡೆದವರಲ್ಲಿ ಶೇ 1.2 ಜನಕ್ಕೆ ಕ್ಯಾನ್ಸರ್, ಉಳಿದವರಲ್ಲಿ ಶೇ 2.7. ಅಜ್ಜನಿಗೆ ಆಗಿದ್ದು ಅದೇ ಕಾಯಿಲೆಯಾಗಿದ್ದರೆ ನಿಮ್ಮ ಚಿಕ್ಕಪ್ಪ ಕೂಡ ಅದೇ ಸಾಲಿನಲ್ಲಿ ನಿಂತವರು. ಅಣ್ಣನನ್ನು ಹೈದರಾಬಾದಿಗೆ ಹೊರಡಿಸುವ ಮೊದಲು ತಮ್ಮ ಟೆಸ್ಟ್ ಮಾಡಿಸಿಕೊಳ್ಳಲಿ.

ಮಿರ್ಚಿಮಂಡಕ್ಕಿ
ಚಿಕ್ಕಪ್ಪ ಸೈಲೆಂಟ್ 😄

ಕೋಟೆಬೀದಿ ಹುಡುಗ, ಬಳ್ಳಾರಿ
ಓದಿ ಹೇಳಿದೆ ಅಕ್ಕ. ‘ನನಗೇನೂ ಆಗಿಲ್ಲ, ನನ್ನ ಹೊಟ್ಟೆ ಕಲ್ಲು’ ಅಂದು ಎದ್ದು ಹೋದರು. ಅತ್ತೆ ಮಾತ್ರ ಟೆಸ್ಟ್ ಮಾಡಿಸುತ್ತೇನೆ ಅಂದಿದ್ದಾರೆ.

ರಿಪೋರ್ಟ್‌ನಲ್ಲಿ ಮೇಲೆ ಕೆಳಗೆ ಅಂತ ಎಲ್ಲೂ ಬರೆದಿಲ್ಲ. ‘ಗ್ಯಾಸ್ಟ್ರಿಕ್ ಬಯಾಪ್ಸಿ, ಎರಡು ಚೂರು’ ಅಂತ ಅಷ್ಟೇ ಇದೆ.

ಸ್ಲೈಡ್ ಅಕ್ಕ, ಬಳ್ಳಾರಿ
ಇದನ್ನೇ ಕೇಳಬೇಕು ಅಂದುಕೊಂಡಿದ್ದೆ. ನನ್ನ ಕೆಲಸದಲ್ಲಿ ಜಾಸ್ತಿ ಬೇಜಾರಾಗುವುದು ಇದಕ್ಕೇ. ಒಂದೇ ಬಾಟಲಿಯಲ್ಲಿ ಎರಡು ಚೂರು ತೇಲುತ್ತಿರುತ್ತವೆ, ಯಾವುದು ಎಲ್ಲಿಂದ ತೆಗೆದದ್ದು ಅಂತ ದೇವರಿಗೇ ಗೊತ್ತು. ಮೆಟಾಪ್ಲೇಸಿಯಾ ಎಷ್ಟು ಹರಡಿದೆ ಅನ್ನುವುದರ ಮೇಲೇ ಅಪಾಯದ ಲೆಕ್ಕ ನಿಂತಿದೆ. ಅದು ತಿಳಿಯಬೇಕಾದರೆ ಸಿಡ್ನಿ ಪದ್ಧತಿಯಂತೆ ಐದು ಚೂರು ತೆಗೆಯುತ್ತಾರೆ: ಕೆಳಭಾಗದಿಂದ ಎರಡು, ಮೂಲೆಯ ತಿರುವಿನಿಂದ ಒಂದು, ಮೇಲ್ಭಾಗದಿಂದ ಎರಡು. ಕಡೇಪಕ್ಷ ಕೆಳಗಿನದು ಮೇಲಿನದು ಬೇರೆ ಬೇರೆ ಬಾಟಲಿ. ಆಗ ಪೆಥಾಲಜಿಸ್ಟ್ ‘ಓಲ್ಗಾ’ (ಅಟ್ರೋಫಿಗೆ) ಅಥವಾ ‘ಓಲ್ಗಿಮ್’ (ಮೆಟಾಪ್ಲೇಸಿಯಾಗೆ) ಅನ್ನುವ ಹಂತ ಹಾಕಬಹುದು, ಸೊನ್ನೆಯಿಂದ ನಾಲ್ಕರವರೆಗೆ. ಮೂರು, ನಾಲ್ಕು ಬಂದವರ ಮೇಲೆ ಕಣ್ಣಿಡಬೇಕು.

ಇದು ಯಾರ ಮೇಲೂ ದೂರಲ್ಲ. ಮೊದಲ ಸಲ ಎಂಡೋಸ್ಕೋಪಿ ಮಾಡುವಾಗ ಅಲ್ಸರ್ ಇದೆಯಾ, ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಲು ಎರಡು ಚೂರು ತೆಗೆಯುವುದು ಬಹಳ ಕಡೆ ಇದೆ. ಆದರೆ ನಿಮ್ಮ ಅಜ್ಜನ ವಿಷಯ ಹೇಳಿ, ‘ಎಲ್ಲೆಲ್ಲಿ ಹರಡಿದೆ ಅಂತ ನೋಡಲು ಮತ್ತೊಮ್ಮೆ ಬೇಕಾ, ಯಾವಾಗ?’ ಅಂತ ಕೇಳಿ. ಮೂರು ವರ್ಷ ಕಾಯಬೇಕಾ, ಬ್ಯಾಕ್ಟೀರಿಯಾ ಹೋದ ಮೇಲೆ ಬೇಗನೇ ಒಮ್ಮೆ ಸರಿಯಾಗಿ ನೋಡಬೇಕಾ ಅನ್ನುವುದನ್ನು ಅವರೇ ಹೇಳಬೇಕು.

ಔಷಧಿ ಅಂಗಡಿ ಅಣ್ಣ, ಗಂಗಾವತಿ
ಅಕ್ಕ ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಐವತ್ತು ಜನ ಹೊರಗೆ ಕಾಯುತ್ತಿದ್ದರೂ ಎರಡು ಪ್ರಶ್ನೆ ಕೇಳಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಕೃಷ್ಣೆ ಕಡೆಯವ, ರಾಯಚೂರು
ಹಾಗಾದರೆ ಹೈದರಾಬಾದೇ ವಾಸಿ ಅಲ್ವಾ? ರಾಯಚೂರಿನವರು ನಾವು ಕೆಮ್ಮಿದರೂ ಹೈದರಾಬಾದ್ ಬಸ್ ಹತ್ತುತ್ತೇವೆ.

ಕೊಪ್ಪಳದ ಮೇಷ್ಟ್ರು
14 ದಿನದ ಮಾತ್ರೆ ನುಂಗಲು ಹೈದರಾಬಾದ್ ಬೇಕಾಗಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರಕಾರಿ ಮೆಡಿಕಲ್ ಕಾಲೇಜು ಇದೆ, ಮೊದಲು ಅಲ್ಲಿ ಕೇಳಿ. ಡಿಸ್‌ಪ್ಲೇಸಿಯಾ ಬಂತು ಅಥವಾ ಗಂಟು ಕಂಡಿತು ಅಂದರೆ ದೊಡ್ಡ ಊರಿಗೆ ಹೋಗಲೇಬೇಕು, ಅಲ್ಲಿ ಒಳ್ಳೆಯ ಕ್ಯಾಮೆರಾ, ಬಣ್ಣದ ಬೆಳಕಿನಲ್ಲಿ ನೋಡುವ ಸೌಲಭ್ಯ, ಹೊಟ್ಟೆ ಕೊಯ್ಯದೇ ಎಂಡೋಸ್ಕೋಪಿಯಿಂದಲೇ ತೆಗೆಯುವವರು ಇರುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಯಾವುದಕ್ಕೆ ಅನ್ವಯ ಆಗುತ್ತದೆ, ರೆಫರಲ್ ಚೀಟಿ ಬೇಕಾ ಅಂತ ಮೊದಲೇ ಆಸ್ಪತ್ರೆಯ ಕೌಂಟರ್‌ನಲ್ಲಿ ಕೇಳಿಕೊಳ್ಳಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ತುಂಗಭದ್ರೆ ತಟ
ಎಂಡೋಸ್ಕೋಪಿ ಅಂದರೆ ನನಗೆ ಹೆದರಿಕೆ. ಪೈಪ್ ನುಂಗುವುದಂತೆ.

ಸಿಂಧನೂರಿನ ಸೊಸೆ
ಗಂಟಲಿಗೆ ಸ್ಪ್ರೇ ಹೊಡೆಯುತ್ತಾರೆ, ಜೋಮು ಹಿಡಿಯುತ್ತದೆ. ಓಕರಿಕೆ ಬರುತ್ತದೆ, ಆಮೇಲೆ ಮುಗಿಯುತ್ತದೆ. ಬೇಕಾದರೆ ನಿದ್ದೆ ಇಂಜೆಕ್ಷನ್ ಕೊಡುತ್ತಾರೆ, ಆಗ ಕರೆದುಕೊಂಡು ಹೋಗಲು ಒಬ್ಬರು ಜೊತೆಗಿರಬೇಕು. ಹೆರಿಗೆ ಆದವರಿಗೆ ಇದೇನು ಮಹಾ!

ಕೋಟೆಬೀದಿ ಹುಡುಗ, ಬಳ್ಳಾರಿ
ಅಪ್ಪನ 14 ದಿನ ಮುಗಿಯಿತು. ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ ಅಂತ ದಿನಾ ಬೈದುಕೊಂಡೇ ತಿಂದರು. ಒಂದು ದಿನ ನಾಲಿಗೆ ಕಪ್ಪಾಗಿದ್ದು ನೋಡಿ ಅಮ್ಮ ಕಿರುಚಿದರು. ಅಣ್ಣ ಮೊದಲೇ ಹೇಳಿದ್ದರಿಂದ ಬಚಾವ್.

ಡಾಕ್ಟರಿಗೆ ಅಜ್ಜನ ವಿಷಯ ಹೇಳಿದೆ. ಬ್ಯಾಕ್ಟೀರಿಯಾ ಹೋಗಿದೆ ಅಂತ ಖಚಿತ ಆದ ಮೇಲೆ ಐದು ಚೂರಿನ ಎಂಡೋಸ್ಕೋಪಿ ಒಮ್ಮೆ ಮಾಡೋಣ, ಅದರ ಹಂತ ನೋಡಿ ಮುಂದಿನದು ತೀರ್ಮಾನ ಅಂದರು. ಈಗ ಟೆಸ್ಟ್ ಯಾವಾಗ ಮಾಡಿಸಬೇಕು? ನಾಳೆಯೇ ಮಾಡಿಸಿಬಿಡಲಾ?

ಔಷಧಿ ಅಂಗಡಿ ಅಣ್ಣ, ಗಂಗಾವತಿ
ನಾಳೆ ಬೇಡ! ಆಂಟಿಬಯೋಟಿಕ್ ಮುಗಿದು ಕಡೇಪಕ್ಷ ನಾಲ್ಕು ವಾರ ಆಗಬೇಕು. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ಟೆಸ್ಟಿಗೆ ಎರಡು ವಾರ ಮೊದಲು ನಿಲ್ಲಿಸಬೇಕು, ಅದನ್ನೂ ಡಾಕ್ಟರನ್ನು ಕೇಳಿಯೇ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರುತ್ತದೆ. ಉಸಿರಿನ ಟೆಸ್ಟ್ ಅಥವಾ ಮಲದ ಆಂಟಿಜನ್ ಟೆಸ್ಟ್, ಎರಡರಲ್ಲಿ ಒಂದು. ರಕ್ತದ ಆಂಟಿಬಾಡಿ ಟೆಸ್ಟ್ ಮಾಡಿಸಬೇಡ, ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಬಹಳ ಕಾಲ ಪಾಸಿಟಿವ್ ತೋರಿಸುತ್ತದೆ. ಕೆಲವು ಕಡೆ ಅಗ್ಗ ಅಂತ ಅದನ್ನೇ ಮಾಡಿ ಕೈಗೆ ಕೊಡುತ್ತಾರೆ, ಜನ ಮತ್ತೆ 14 ದಿನ ಮಾತ್ರೆ ತಿನ್ನುತ್ತಾರೆ.

ಕೋಟೆಬೀದಿ ಹುಡುಗ, ಬಳ್ಳಾರಿ
ಎರಡು ವಾರ ಆ ಮಾತ್ರೆ ಇಲ್ಲದೆ ಅಪ್ಪ ಇರುವುದಿಲ್ಲ ಅಣ್ಣ. ಎದೆ ಉರಿ ಅಂತ ಕೂಗಾಡುತ್ತಾರೆ.

ಔಷಧಿ ಅಂಗಡಿ ಅಣ್ಣ, ಗಂಗಾವತಿ
ನಡುವೆ ಉರಿ ಬಂದರೆ ಸಾದಾ ಆಂಟಾಸಿಡ್ ಸಿರಪ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳು, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ವರ್ಷಗಟ್ಟಲೆ ತಿಂದವರು ನಿಲ್ಲಿಸಿದರೆ ಮೊದಲ ಕೆಲವು ದಿನ ಉರಿ ಜಾಸ್ತಿ ಆಗುವುದು ಸಹಜ. ಕಾಲುನೋವು, ಬೆನ್ನುನೋವು ಅಂತ ಹೊಟ್ಟೆಗೆ ಪೆಟ್ಟು ಕೊಡುವ ಡೈಕ್ಲೋಫೆನಾಕ್ ಮಾತ್ರೆ ನುಂಗುತ್ತಾರಾ ನೋಡು. ಹೊಲಿಗೆ ಮಷಿನ್ ಮೇಲೆ ಕೂರುವವರು ನಮ್ಮ ಅಂಗಡಿಯಲ್ಲಿ ಅದನ್ನೇ ಜಾಸ್ತಿ ಕೇಳುವುದು.

ಕೋಟೆಬೀದಿ ಹುಡುಗ, ಬಳ್ಳಾರಿ
ಜೇಬಿನಲ್ಲೇ ಇತ್ತು ಅಣ್ಣ. ಬೀಡಿ ಕಟ್ಟಿನ ಜೊತೆ.

ಸ್ಲೈಡ್ ಅಕ್ಕ, ಬಳ್ಳಾರಿ
ಎರಡನ್ನೂ ಕಸಿದುಕೋ. ನೋವಿಗೆ ಬೇರೆ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳು. ಟೆಸ್ಟಿಗೆ ಕಾಯುವಾಗ ತೂಕ ಇಳಿಯುವುದು, ನುಂಗಲು ಕಷ್ಟ, ಪದೇ ಪದೇ ವಾಂತಿ, ರಕ್ತ, ಡಾಂಬರಿನಂಥ ಮಲ, ಇವುಗಳಲ್ಲಿ ಯಾವುದು ಕಂಡರೂ ತಾರೀಕು ನೋಡದೆ ಹೋಗಿ.

ಕೃಷ್ಣೆ ಕಡೆಯವ, ರಾಯಚೂರು
ತಾಯಿಯ ಬಿ12 ಬಂತು ಅಕ್ಕಾರೆ. ಬಹಳ ಕಡಿಮೆ ಇದೆ. ಹಾಲು ಮೊಸರು ದಿನಾ ತಿನ್ನುತ್ತಾರೆ, ಆದರೂ.

ಸಿಂಧನೂರಿನ ಸೊಸೆ
ಹಾಗಾದರೆ ಬರೀ ಇಂಜೆಕ್ಷನ್ ಹಾಕಿಸಿ ಮನೆಗೆ ಕರೆದುಕೊಂಡು ಬರಬೇಡಿ. ಯಾಕೆ ಕಡಿಮೆ ಆಯಿತು ಅಂತ ಕೇಳಿ. ಥೈರಾಯ್ಡ್ ಇದೆ ಅಂತಲೂ ಹೇಳಿ, ಅದು ಚೀಟಿಯಲ್ಲಿ ಬರಲಿ.

ಕೋಟೆಬೀದಿ ಹುಡುಗ, ಬಳ್ಳಾರಿ
ಅಂದ ಹಾಗೆ ಚಿಕ್ಕಪ್ಪ ಈಗ ತಾನೇ ಫೋನ್ ಮಾಡಿ ‘ಆ ಮಲದ ಟೆಸ್ಟಿಗೆ ಎಷ್ಟು ದುಡ್ಡು, ಡಬ್ಬಿ ಅವರೇ ಕೊಡುತ್ತಾರಾ’ ಅಂತ ಕೇಳಿದರು. ಯಾರಿಗೆ ಅಂದರೆ ‘ಸ್ನೇಹಿತನಿಗೆ’ ಅಂದರು.

ಔಷಧಿ ಅಂಗಡಿ ಅಣ್ಣ, ಗಂಗಾವತಿ
ಡಬ್ಬಿ ಲ್ಯಾಬಿನವರೇ ಕೊಡುತ್ತಾರೆ. ಬೆಳಿಗ್ಗೆ ತೆಗೆದು ಬೇಗ ತಲುಪಿಸಲಿ, ಬಿಸಿಲಿನಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತಬಾರದು ಅಂತ ‘ಸ್ನೇಹಿತನಿಗೆ’ ಹೇಳು.